ಪಂಪಿಂಗ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ, ದಿನ ಹೇಗೆ ಹೋಗ್ತಿದೆ ಅಂತ?

ಮುಂಬೈಯ ಕನ್ನಡಿಗರ ಮನೆಗಳಲ್ಲಿ ಯಾರಿಗಾದರೂ ‘ಹಾರ್ಟ್ ವೀಕ್ ಆಗಿದೆ’ ಎಂದು ಗೊತ್ತಾದರೆ ಮುಂದಿನ ಪ್ರಶ್ನೆ ಸಿದ್ಧವಾಗಿರುತ್ತದೆ. ‘ಪಂಪಿಂಗ್ ಎಷ್ಟಿದೆಯಂತೆ?’ ಮಾಟುಂಗದ ಸಭಾಂಗಣದಲ್ಲಿ ಸಿಕ್ಕವರೂ ಅದನ್ನೇ ಕೇಳುತ್ತಾರೆ, ಕುಂದಾಪುರದಿಂದ ಫೋನ್ ಮಾಡುವ ಅಕ್ಕನೂ ಅದನ್ನೇ ಕೇಳುತ್ತಾಳೆ. ರೋಗಿಗೂ ಅದು ಬಾಯಿಪಾಠ ಆಗಿಬಿಟ್ಟಿರುತ್ತದೆ. ‘ಹೇಗಿದ್ದೀರಿ ಮಾಮ?’ ಅಂದರೆ, ‘ಪರವಾಗಿಲ್ಲ ಮಾರಾಯ, 30 ಇದ್ದದ್ದು 38ಕ್ಕೆ ಬಂದಿದೆ’ ಎನ್ನುತ್ತಾರೆ. ಸೆನ್ಸೆಕ್ಸ್ ಹೇಳಿದ ಹಾಗೆ.

ಈ ‘ಹಾರ್ಟ್ ವೀಕ್’ ಕಾಯಿಲೆಗೆ ಡಾಕ್ಟರು ಹಾರ್ಟ್ ಫೇಲ್ಯೂರ್ ಅನ್ನುತ್ತಾರೆ. ಹೃದಯ ನಿಂತುಹೋಯಿತು ಅಂತಲ್ಲ, ಮೈಗೆ ಬೇಕಾದಷ್ಟು ರಕ್ತ ಒದಗಿಸಲು ಅದು ಸೋಲುತ್ತಿದೆ ಅಂತ. ಎಲ್ಲರೂ ಕೇಳುವ ಆ ನಂಬರಿಗೆ ಎಜೆಕ್ಷನ್ ಫ್ರಾಕ್ಷನ್ ಎಂದು ಹೆಸರು. ಹೃದಯವನ್ನು ಸ್ಕ್ಯಾನ್ ಮಾಡಿ ನೋಡುವ ಎಕೋ ಪರೀಕ್ಷೆಯಲ್ಲಿ ಸಿಗುತ್ತದೆ. ಹೃದಯದ ಎಡ ಕೆಳಕೋಣೆಯಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಗೆ ಹೋಗುತ್ತದೆ ಎಂಬ ಲೆಕ್ಕ ಅದು. ಗಟ್ಟಿಮುಟ್ಟಾಗಿ ಇರುವವರಲ್ಲೂ 100 ಇರುವುದಿಲ್ಲ, ಸುಮಾರು 55ರಿಂದ 70ರ ನಡುವೆ ಇರುತ್ತದೆ. 40 ಅಥವಾ ಅದಕ್ಕಿಂತ ಕೆಳಗೆ ಹೋದರೆ ಪಂಪಿಂಗ್ ಕುಗ್ಗಿದೆ ಎಂದು ಲೆಕ್ಕ. ಹಾಗಂತ 60 ಇದ್ದವರಿಗೆ ಹಾರ್ಟ್ ಫೇಲ್ಯೂರ್ ಬರುವುದಿಲ್ಲ ಅಂತಲ್ಲ. ಹೃದಯದ ಗೋಡೆ ಬಿಗಿಯಾಗಿ, ರಕ್ತ ತುಂಬಿಕೊಳ್ಳುವುದಕ್ಕೇ ಕಷ್ಟಪಡುವ ಇನ್ನೊಂದು ಬಗೆ ಇದೆ. ಬಿಪಿ, ಶುಗರ್, ಮೈತೂಕ ಇರುವ ವಯಸ್ಸಾದ ಹೆಂಗಸರಲ್ಲಿ ಅದು ಜಾಸ್ತಿ. ರಿಪೋರ್ಟಿನಲ್ಲಿ 60 ಕಂಡ ಮನೆಯವರು ‘ಅಮ್ಮನಿಗೆ ಏನೂ ಇಲ್ಲ, ಸುಮ್ನೆ ಸುಸ್ತು ಅಂತಾರೆ’ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಅಮ್ಮ ಮಾತ್ರ ನೆಟ್ಟಗೆ ಮಲಗಿದರೆ ಉಸಿರು ಕಟ್ಟುತ್ತದೆಂದು ರಾತ್ರಿ ಮೂರು ದಿಂಬು ಇಟ್ಟುಕೊಂಡು ಮಲಗುತ್ತಾರೆ.

ಯಾವ ಮದ್ದು ಕೊಡಬೇಕು, ಯಾವ ಯಂತ್ರ ಅಳವಡಿಸಬೇಕು ಎಂದು ಡಾಕ್ಟರಿಗೆ ತೀರ್ಮಾನಿಸಲು ಆ ನಂಬರು ಬೇಕೇ ಬೇಕು. ಆದರೆ ರೋಗಿಯ ದಿನ ಹೇಗಿದೆ ಎಂದು ಅದು ಹೇಳುವುದು ಬಹಳ ಕಡಿಮೆ. 25 ಇದ್ದವರು ಪೇಟೆಗೆ ಹೋಗಿ ತರಕಾರಿ ತರುತ್ತಾರೆ, 45 ಇದ್ದವರು ಸ್ನಾನ ಮುಗಿಸಿ ಬಂದು ಅರ್ಧ ಗಂಟೆ ಕೂರುತ್ತಾರೆ. ನಂಬರಿಗೂ ದಿನದ ಬದುಕಿಗೂ ನಡುವಿನ ನಂಟು ದುರ್ಬಲ ಎಂಬುದು ಹೃದ್ರೋಗ ತಜ್ಞರಿಗೆ ಚೆನ್ನಾಗಿ ಗೊತ್ತು. ರೋಗಿಗಳಿಗೆ ಮಾತ್ರ ಯಾರೂ ಹೇಳಿಲ್ಲ.

ಹಾಗಾದರೆ ಬದುಕನ್ನು ಅಳೆಯುವುದು ಹೇಗೆ? ನ್ಯೂಯಾರ್ಕ್ ಹಾರ್ಟ್ ಅಸೋಸಿಯೇಷನ್ 1928ರಲ್ಲೇ ನಾಲ್ಕು ದರ್ಜೆ ಮಾಡಿತು. ಓಡಾಡಿದರೂ ಏನೂ ಆಗದವರು ಒಂದನೇ ದರ್ಜೆ, ಕೂತಲ್ಲೇ ಉಬ್ಬಸ ಬರುವವರು ನಾಲ್ಕನೇ ದರ್ಜೆ. ಇವತ್ತಿಗೂ ಫೈಲಿನಲ್ಲಿ ಬರೆಯುವುದು ಅದನ್ನೇ. ತೊಂದರೆ ಏನೆಂದರೆ ಆ ದರ್ಜೆ ಕೊಡುವುದು ಡಾಕ್ಟರು, ಅದೂ ಎರಡು ನಿಮಿಷ ಮಾತಾಡಿ. 2000ದಲ್ಲಿ ಅಮೆರಿಕದ ಜಾನ್ ಸ್ಪರ್ಟಸ್ ಮತ್ತು ಸಂಗಡಿಗರು ರೋಗಿಯೇ ಉತ್ತರ ಬರೆಯುವ 23 ಪ್ರಶ್ನೆಗಳ ಪಟ್ಟಿ ಪ್ರಕಟಿಸಿದರು. ಕಾನ್ಸಾಸ್ ಸಿಟಿ ಪ್ರಶ್ನಾವಳಿ ಎಂದು ಅದಕ್ಕೆ ಹೆಸರು. ಕಳೆದ ಎರಡು ವಾರದಲ್ಲಿ ಬಟ್ಟೆ ಹಾಕಿಕೊಳ್ಳಲು ಕಷ್ಟವಾಯಿತಾ? ಸ್ನಾನ ಮಾಡಲು? ಒಂದು ಮಹಡಿ ಹತ್ತಲು? ಬಸ್ಸು ಹಿಡಿಯುವ ಅವಸರದಲ್ಲಿ ನಡೆಯಲು? ಉಸಿರು ಕಟ್ಟಿ ಎಷ್ಟು ರಾತ್ರಿ ಕೂತೇ ನಿದ್ದೆ ಮಾಡಿದಿರಿ? ನೆಂಟರ ಮನೆಗೆ ಹೋಗಲು ಆಯಿತಾ? ಇನ್ನೊಂದು ಪ್ರಶ್ನೆಯಂತೂ ನೇರವಾಗಿ ಎದೆಗೇ ಬರುತ್ತದೆ: ಉಳಿದ ಆಯುಷ್ಯವೆಲ್ಲ ಈಗ ಇರುವ ಹಾಗೇ ಇರಬೇಕು ಅಂದರೆ ನಿಮಗೆ ಹೇಗನಿಸುತ್ತದೆ?

ಉತ್ತರಗಳನ್ನು ಕೂಡಿಸಿ 0ಯಿಂದ 100ರವರೆಗೆ ಅಂಕ ಕೊಡುತ್ತಾರೆ. 5 ಅಂಕ ಏರಿದರೆ ರೋಗಿಗೇ ಅನುಭವಕ್ಕೆ ಬರುವಷ್ಟು ವ್ಯತ್ಯಾಸ ಎಂದರ್ಥ. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಈ ಪಟ್ಟಿಗೆ ಮಾನ್ಯತೆ ಕೊಟ್ಟಿತು. 2021ರಲ್ಲಿ ಬಂದ ಒಂದು ಅಧ್ಯಯನ 40 ದೇಶಗಳ 23,000ಕ್ಕೂ ಹೆಚ್ಚು ರೋಗಿಗಳಿಗೆ ಇದರ ಚಿಕ್ಕ ರೂಪವನ್ನು ಕೊಟ್ಟು ನೋಡಿತು. ಪಶ್ಚಿಮ ಯುರೋಪಿನ ಸರಾಸರಿ 62ರ ಆಸುಪಾಸು, ಆಫ್ರಿಕಾದ್ದು 40ಕ್ಕಿಂತ ಕಡಿಮೆ. ಅಂಕ ಕಡಿಮೆ ಇದ್ದವರಲ್ಲಿ ಸಾವೂ ಜಾಸ್ತಿ, ಆಸ್ಪತ್ರೆ ಸೇರುವುದೂ ಜಾಸ್ತಿ. ಅಂದರೆ ‘ನನಗೆ ಆಗ್ತಾ ಇಲ್ಲ’ ಎಂದು ರೋಗಿ ಹೇಳುವುದು ಗೊಣಗಾಟ ಅಲ್ಲ, ಅದೂ ಒಂದು ರಿಪೋರ್ಟು.

ನಮ್ಮ ದೇಶದಲ್ಲಿ ಈ ರೋಗ ಬರುವ ವಯಸ್ಸು ಬೇರೆ. ರಾಷ್ಟ್ರೀಯ ಹಾರ್ಟ್ ಫೇಲ್ಯೂರ್ ನೋಂದಣಿಯಲ್ಲಿ 53 ಆಸ್ಪತ್ರೆಗಳ 10,851 ರೋಗಿಗಳ ಲೆಕ್ಕ ಇದೆ. ಅವರ ಸರಾಸರಿ ವಯಸ್ಸು ಸುಮಾರು 60. ಅಮೆರಿಕ, ಯುರೋಪಿನಲ್ಲಿ ಆಸ್ಪತ್ರೆ ಸೇರುವವರು ಇದಕ್ಕಿಂತ ಹತ್ತು ವರ್ಷವಾದರೂ ದೊಡ್ಡವರು. ನಮ್ಮ ಅರವತ್ತರ ಸರಾಸರಿ ಅಂದರೆ ನಲವತ್ತೈದು, ಐವತ್ತರವರೂ ಬೇಕಾದಷ್ಟು ಜನ ಇದ್ದಾರೆ ಎಂದಾಯಿತು. ಅವರಿನ್ನೂ ದುಡಿಯುವವರು. ಮಗಳ ಮದುವೆ ಬಾಕಿ ಇರುತ್ತದೆ, ಬದ್ಲಾಪುರದ ಫ್ಲ್ಯಾಟಿನ ಸಾಲ ಬಾಕಿ ಇರುತ್ತದೆ. ಮುಂಬೈಯಲ್ಲಿ ದುಡಿಯುವುದು ಅಂದರೆ ಮೊದಲು ಲೋಕಲ್ ಟ್ರೈನ್ ಹತ್ತುವುದು.

ನೀರಿನ ಮಾತ್ರೆಯ ಕಥೆ ಇಲ್ಲೇ ಶುರುವಾಗುವುದು. ಮೈಯಲ್ಲಿ ನಿಂತ ನೀರನ್ನು ಮೂತ್ರದ ದಾರಿಯಲ್ಲಿ ಹೊರಹಾಕುವ ಫ್ಯೂರೋಸೆಮೈಡ್ ಮಾತ್ರೆಯನ್ನು ಸಾಮಾನ್ಯವಾಗಿ ಬೆಳಿಗ್ಗೆ ನುಂಗಲು ಹೇಳುತ್ತಾರೆ. ನುಂಗಿ ಒಂದು ಗಂಟೆಯೊಳಗೆ ಕೆಲಸ ಶುರು, ಒಂದೆರಡು ಗಂಟೆಯಲ್ಲಿ ಜೋರು, ಆರು ಗಂಟೆಯವರೆಗೂ ಎಳೆಯುತ್ತದೆ. ಈಗ ಡೊಂಬಿವಲಿಯಲ್ಲಿ ಏಳಕ್ಕೆ ತಿಂಡಿ ತಿಂದು, ಮಾತ್ರೆ ನುಂಗಿ, ಏಳೂವರೆಗೆ ಮನೆ ಬಿಟ್ಟು, ಸಿಎಸ್‌ಎಂಟಿಗೆ ಹೋಗುವ ಗಾಡಿಯಲ್ಲಿ ನಿಂತವರ ಸ್ಥಿತಿ ಯೋಚಿಸಿ. ಮಾತ್ರೆ ಜೋರಾಗುವ ಹೊತ್ತಿಗೆ ಗಾಡಿ ಠಾಣೆ, ಮುಲುಂಡಿನ ಹತ್ತಿರ ಇರುತ್ತದೆ. ಮುಂಬೈ ಲೋಕಲ್‌ನಲ್ಲಿ ಶೌಚಾಲಯ ಇಲ್ಲ. ನಡುವೆ ಇಳಿಯೋಣ ಅಂದರೆ ಬಾಗಿಲವರೆಗೆ ಹೋಗುವುದೇ ಸಾಹಸ, ಮತ್ತೆ ಹತ್ತುವುದು ಅದಕ್ಕಿಂತ ದೊಡ್ಡದು.

ಹಾಗಾಗಿ ಜನ ಏನು ಮಾಡುತ್ತಾರೆ? ಮಾತ್ರೆ ಬಿಡುತ್ತಾರೆ. ಸೋಮವಾರ ಬಿಟ್ಟರು, ಏನೂ ಆಗಲಿಲ್ಲ. ಮಂಗಳವಾರವೂ ಬಿಟ್ಟರು. ಗುರುವಾರ ಚಪ್ಪಲಿ ಬಿಗಿಯಾಗುತ್ತದೆ, ಸಾಕ್ಸ್ ತೆಗೆದರೆ ಕಾಲಿನಲ್ಲಿ ಗೆರೆ ಹಾಗೇ ಉಳಿದಿರುತ್ತದೆ. ಶನಿವಾರ ರಾತ್ರಿ ನೆಟ್ಟಗೆ ಮಲಗಲು ಆಗುವುದಿಲ್ಲ. ಭಾನುವಾರ ತುರ್ತು ವಿಭಾಗ. ಫೈಲಿನಲ್ಲಿ ‘ರೋಗಿ ಸರಿಯಾಗಿ ಔಷಧ ತೆಗೆದುಕೊಳ್ಳುತ್ತಿಲ್ಲ’ ಎಂಬ ಸಾಲು ಬೀಳುತ್ತದೆ. ಯಾಕೆ ತೆಗೆದುಕೊಳ್ಳಲಿಲ್ಲ ಎಂಬ ಸಾಲಿಗೆ ಅಲ್ಲಿ ಜಾಗ ಇಲ್ಲ. ಹೆಂಗಸರಿಗೆ ಇದು ಇನ್ನೂ ಕಷ್ಟ. ಸಾರ್ವಜನಿಕ ಶೌಚಾಲಯಗಳಿಗಾಗಿ ‘ರೈಟ್ ಟು ಪೀ’ ಚಳವಳಿ 2011ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ ಎಂಬುದು ಸುಮ್ಮನೆ ಅಲ್ಲ.

ಇದಕ್ಕೆ ಪರಿಹಾರ ಇದೆ, ಅದೂ ಬಿಟ್ಟಿ. ಹೆಚ್ಚಿನ ರೋಗಿಗಳಿಗೆ ಆ ಮಾತ್ರೆಯನ್ನು ಬೆಳಿಗ್ಗೆಯೇ ನುಂಗಬೇಕೆಂಬ ಹಟ ಇಲ್ಲ. ಆಫೀಸು ತಲುಪಿದ ಮೇಲೆ ತೆಗೆದುಕೊಳ್ಳಬಹುದು, ಮಧ್ಯಾಹ್ನಕ್ಕೆ ಸರಿಸಬಹುದು. ಸಂಜೆ ತೀರಾ ತಡವಾದರೆ ರಾತ್ರಿಯಿಡೀ ಎದ್ದೇಳಬೇಕಾಗುತ್ತದೆ, ಅಷ್ಟೇ. ಡಾಕ್ಟರನ್ನು ಕೇಳಿ ಹೊತ್ತು ಬದಲಾಯಿಸಿಕೊಳ್ಳಬೇಕು. ಕೇಳಲು ನಾಚಿಕೆ ಯಾಕೆ? ಆದರೆ ನಾಚಿಕೆ ಇರುತ್ತದೆ. ಇಪ್ಪತ್ತು ಜನ ಸಾಲಿನಲ್ಲಿ ನಿಂತಿರುವ ಒಪಿಡಿಯಲ್ಲಿ, ಮರಾಠಿಯಲ್ಲೋ ಹಿಂದಿಯಲ್ಲೋ, ಮಗನ ವಯಸ್ಸಿನ ಡಾಕ್ಟರ ಎದುರು ‘ಟ್ರೈನಿನಲ್ಲಿ ತಡೆಯಲಾಗುವುದಿಲ್ಲ’ ಎಂದು ಹೇಳುವುದು ಹಿರಿಯರಿಗೆ ಸುಲಭವಲ್ಲ.

ಇನ್ನು ಮೆಟ್ಟಿಲು. ಡೊಂಬಿವಲಿ, ಕಲ್ಯಾಣ, ಭಾಯಂದರ್ ಕಡೆಯ ಹಳೆ ಬಿಲ್ಡಿಂಗುಗಳಲ್ಲಿ ಮೂರು, ನಾಲ್ಕು ಮಹಡಿಗೂ ಲಿಫ್ಟ್ ಇಲ್ಲದ್ದು ಎಷ್ಟೋ ಇವೆ. ಮೂರನೇ ಮಹಡಿಯ ಮನೆ, ಎರಡನೇ ದರ್ಜೆಯ ಹಾರ್ಟ್ ಫೇಲ್ಯೂರ್. ಕಾಗದದ ಮೇಲೆ ಇವರದು ‘ಸೌಮ್ಯ ತೊಂದರೆ’. ನಿಜದಲ್ಲಿ ದಿನಕ್ಕೆ ಒಂದು ಸಲ ಇಳಿದು ಹತ್ತುವುದು ಮಾತ್ರ, ಕೊತ್ತಂಬರಿ ಸೊಪ್ಪು ಮರೆತು ಬಂದರೆ ಮರೆತ ಹಾಗೇ. ನಾನು ಕಂಡ ಒಂದು ಮನೆಯಲ್ಲಿ ಎರಡನೇ ಮಹಡಿಯ ತಿರುವಿನಲ್ಲಿ ಪ್ಲಾಸ್ಟಿಕ್ ಸ್ಟೂಲು ಇಟ್ಟಿದ್ದರು. ಹತ್ತುವಾಗ ಅಲ್ಲಿ ಕೂತು, ಪಕ್ಕದ ಮನೆಯವರೊಡನೆ ಎರಡು ಮಾತಾಡಿ, ಮತ್ತೆ ಹತ್ತುವುದು. ಸೊಸೈಟಿಯವರು ದಾರಿಗೆ ಅಡ್ಡ ಅಂತ ಅದನ್ನು ತೆಗೆಸಿದರು. ಆಮೇಲೆ ಆ ಯಜಮಾನರು ಕೆಳಗೆ ಇಳಿಯುವುದನ್ನೇ ಕಡಿಮೆ ಮಾಡಿದರು. ಅವರ ಪಂಪಿಂಗ್ ಅಷ್ಟೇ ಇತ್ತು. ಬದುಕು ಒಂದು ಸ್ಟೂಲಿನಷ್ಟು ಸಣ್ಣದಾಯಿತು.

ಕಾಯಿಲೆ ಮುಖದಲ್ಲಿ ಕಾಣುವುದಿಲ್ಲ ಎಂಬುದು ಇನ್ನೊಂದು ಪೇಚಾಟ. 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ಹೀಮೋಫಿಲಿಯಾ ಇದೆ, ಪಾರ್ಕಿನ್ಸನ್ ಇದೆ. ಹಾರ್ಟ್ ಫೇಲ್ಯೂರ್ ಇಲ್ಲ. ಐವತ್ತರ ಗಂಡಸು, ನೋಡಲು ಸರಿಯಾಗೇ ಇದ್ದಾನೆ, ‘ಸ್ವಲ್ಪ ಸೀಟು ಬಿಡಿ’ ಅಂದರೆ ಯಾರು ನಂಬುತ್ತಾರೆ?

ಕೆಲಸದ ಮಾತು ಬಂದರೆ ನಮ್ಮವರ ಹೋಟೆಲುಗಳನ್ನು ಬಿಟ್ಟು ಮಾತಾಡಲಾಗದು. ಒಲೆಯ ಮುಂದೆ ನಿಲ್ಲುವ ಭಟ್ಟರಿಗೆ, ದಿನವಿಡೀ ಕಾಲ ಮೇಲೆ ಇರುವ ವೇಟರಿಗೆ ಈ ರೋಗ ಬಂದರೆ ಒಳ್ಳೆಯ ಮಾಲೀಕರು ಗಲ್ಲಾದಲ್ಲಿ ಕೂರಿಸುತ್ತಾರೆ. ಎಲ್ಲರಿಗೂ ಗಲ್ಲಾ ಸಿಗುವುದಿಲ್ಲ. ಆದರೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇರುವವರಿಗೆ ಒಂದು ಸೌಲಭ್ಯ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ದೀರ್ಘಕಾಲದ 34 ಕಾಯಿಲೆಗಳಿಗೆ ಕೊಡುವ ವಿಸ್ತರಿತ ಅನಾರೋಗ್ಯ ಭತ್ಯೆಯ ಪಟ್ಟಿಯಲ್ಲಿ ಹಾರ್ಟ್ ಫೇಲ್ಯೂರ್ ಸೇರಿದೆ. ಅರ್ಹತೆ ಇದ್ದರೆ ಸಂಬಳದ 80 ಪರ್ಸೆಂಟ್, ಎರಡು ವರ್ಷದವರೆಗೆ. ತಿಂಗಳ ಸಂಬಳ 21,000 ರೂಪಾಯಿ ಒಳಗೆ ಇರುವವರಿಗೆ ಇಎಸ್‌ಐ ಅನ್ವಯ. ನಾಲ್ಕೈದು ಜನ ಕೆಲಸಕ್ಕಿರುವ ಸಣ್ಣ ಹೋಟೆಲಿಗೆ ಅದು ಬರುವುದಿಲ್ಲ. ನಮ್ಮವರಲ್ಲಿ ಅಂಥ ಕಡೆ ದುಡಿಯುವವರೇ ಎಷ್ಟೋ ಜನ.

ಔಷಧದ ವಿಷಯದಲ್ಲಿ ಮಾತ್ರ ಈಚೆಗೆ ನಿಜವಾಗಿ ಒಳ್ಳೆಯ ಸುದ್ದಿ ಇದೆ. ಪಂಪಿಂಗ್ ಕುಗ್ಗಿದವರಿಗೆ ನಾಲ್ಕು ಬಗೆಯ ಮಾತ್ರೆಗಳು ಜೊತೆಯಾಗಿ ಬೇಕು: ಸಕುಬಿಟ್ರಿಲ್-ವಲ್ಸಾರ್ಟಾನ್ ಅಥವಾ ಅದರ ಹಳೆಯ ಬಂಧುಗಳು, ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್, ಸ್ಪೈರೋನೊಲ್ಯಾಕ್ಟೋನ್ ಜಾತಿಯದೊಂದು, ಮತ್ತೆ ಮೊದಲು ಶುಗರಿಗೆಂದು ಬಂದ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್. ಡಾಪಾಗ್ಲಿಫ್ಲೋಜಿನ್ ಪೇಟೆಂಟ್ ನಮ್ಮಲ್ಲಿ 2020ರಲ್ಲಿ ಮುಗಿಯಿತು, ಎಂಪಾಗ್ಲಿಫ್ಲೋಜಿನ್‌ದು 2025ರ ಮಾರ್ಚಿನಲ್ಲಿ. ಎರಡರ ಬೆಲೆಯೂ ಧಡಕ್ಕನೆ ಇಳಿಯಿತು. ಇವು ಆಯುಷ್ಯ ಕೂಡಿಸುವುದಷ್ಟೇ ಅಲ್ಲ, ಪ್ರಶ್ನಾವಳಿಯ ಅಂಕವನ್ನೂ ಸ್ವಲ್ಪ ಏರಿಸುತ್ತವೆ.

ಆದರೂ ರಾಷ್ಟ್ರೀಯ ನೋಂದಣಿಯಲ್ಲಿ, ಪಂಪಿಂಗ್ ಕುಗ್ಗಿದವರ ಪೈಕಿ ಮಾರ್ಗಸೂಚಿಯ ಪ್ರಕಾರ ಔಷಧ ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ ಜನಕ್ಕೆ. ಕೊಡುವುದು ಒಂದು, ಡೋಸ್ ಏರಿಸುವುದು ಇನ್ನೊಂದು. 2022ರ ಸ್ಟ್ರಾಂಗ್-ಎಚ್‌ಎಫ್ ಪ್ರಯೋಗದಲ್ಲಿ ಆಸ್ಪತ್ರೆಯಿಂದ ಬಿಟ್ಟ ಎರಡು ವಾರದೊಳಗೆ ಪೂರ್ತಿ ಡೋಸಿಗೆ ತಂದು, ಮೇಲಿಂದ ಮೇಲೆ ಕರೆಸಿ ನೋಡಿದರು. ಮತ್ತೆ ಆಸ್ಪತ್ರೆ ಸೇರುವುದು ಕಡಿಮೆಯಾಯಿತು, ಜೀವನದ ಗುಣಮಟ್ಟವೂ ಏರಿತು. ಮುಂಬೈಯಲ್ಲಿ ‘ಮೇಲಿಂದ ಮೇಲೆ ಬನ್ನಿ’ ಅಂದರೆ ಪ್ರತಿ ಸಲವೂ ಒಂದು ದಿನದ ಕೂಲಿ ಹೋಯಿತು ಎಂದೇ ಅರ್ಥ. ಮಹಾರಾಷ್ಟ್ರ ಸರ್ಕಾರದ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆ ಇರುವುದು ಆಸ್ಪತ್ರೆ ಸೇರಿ ಮಾಡಿಸಿಕೊಳ್ಳುವ ಚಿಕಿತ್ಸೆಗೆ. ಆಸ್ಪತ್ರೆ ಸೇರದ ಹಾಗೆ ನೋಡಿಕೊಳ್ಳುವ ತಿಂಗಳ ಮಾತ್ರೆಗೆ ಜೇಬೇ ಗತಿ. ತಲೆಕೆಳಗಾದ ಲೆಕ್ಕ ಇದು, ಅಲ್ವಾ?

ಊಟದ ಬಗ್ಗೆ ಎಲ್ಲರಿಗೂ ಗೊತ್ತಿರುವುದು ‘ಉಪ್ಪು ಬಿಡಿ’ ಎಂಬ ಮಾತು. ಬೆಳಗಿನ ಗಂಜಿಗೆ ಉಪ್ಪಿನಕಾಯಿ ಇಲ್ಲ, ಒಣಮೀನಿನ ಚಟ್ನಿ ಇಲ್ಲ, ಹಪ್ಪಳ ಇಲ್ಲ ಅಂದರೆ ನಮ್ಮ ಕರಾವಳಿಯವರಿಗೆ ಆ ಗಂಜಿ ಆಸ್ಪತ್ರೆಯ ಊಟ. ಇಲ್ಲಿ ವಿಜ್ಞಾನ ಜನರು ಅಂದುಕೊಂಡಷ್ಟು ಕಟ್ಟುನಿಟ್ಟಾಗಿಲ್ಲ. 806 ರೋಗಿಗಳ ಸೋಡಿಯಂ-ಎಚ್‌ಎಫ್ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ದಿನಕ್ಕೆ 1,500 ಮಿಲಿಗ್ರಾಂ ಸೋಡಿಯಂ, ಅಂದರೆ ಸುಮಾರು 4 ಗ್ರಾಂ ಉಪ್ಪಿನೊಳಗೆ ಇರಿ ಎಂದು ಹೇಳಿದವರಲ್ಲಿ ಸಾವು, ಆಸ್ಪತ್ರೆ ದಾಖಲಾತಿ ಕಡಿಮೆಯಾಗಲಿಲ್ಲ. ಅವರಿಗೆ ಆರಾಮ ಅನಿಸಿದ್ದು ಮಾತ್ರ ಸ್ವಲ್ಪ ಜಾಸ್ತಿಯಾಯಿತು. ನೀರಿನ ಕಥೆ ಇನ್ನೂ ಸ್ವಾರಸ್ಯ. ನೆದರ್ಲೆಂಡ್ಸ್‌ನ ಫ್ರೆಶ್-ಅಪ್ ಪ್ರಯೋಗ 2025ರಲ್ಲಿ ಪ್ರಕಟವಾಯಿತು. ಸ್ಥಿರವಾಗಿರುವ ರೋಗಿಗಳಲ್ಲಿ ದಿನಕ್ಕೆ ಒಂದೂವರೆ ಲೀಟರ್ ಎಂದು ಕಟ್ಟಿಹಾಕಿದವರಿಗೂ ಬೇಕಾದಷ್ಟು ಕುಡಿದವರಿಗೂ ಜೀವನದ ಗುಣಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಟ್ಟಿಹಾಕಿದವರಿಗೆ ಬಾಯಾರಿಕೆ ಜಾಸ್ತಿ ಆಯಿತು, ಅಷ್ಟೇ. ಇದು ಕಾಲು ಊದಿ, ದಮ್ಮು ಕಟ್ಟಿರುವವರಿಗೆ ಹೇಳಿದ ಮಾತಲ್ಲ. ಆದರೆ ಮೇ ತಿಂಗಳ ಮುಂಬೈ ಸೆಕೆಯಲ್ಲಿ ಲೋಟ ಎಣಿಸಿ ಕುಡಿಸುವ ಸೊಸೆಯಂದಿರು ಒಂದು ಸಲ ಡಾಕ್ಟರನ್ನು ವಿಚಾರಿಸುವುದು ಒಳ್ಳೆಯದು.

ಕಾಳಜಿಯಿಂದಲೇ ಅಪಾಯ ತರುವುದೂ ಉಂಟು. ಉಪ್ಪು ಬೇಡ ಅಂದರೆಂದು ಅಂಗಡಿಯಿಂದ ಕಡಿಮೆ ಸೋಡಿಯಂ ಉಪ್ಪು ತರುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ನೋಡಲು ಬಂದವರು ಎಳನೀರು ತರುತ್ತಾರೆ, ಅದರಲ್ಲೂ ಪೊಟ್ಯಾಸಿಯಂ. ಸ್ಪೈರೋನೊಲ್ಯಾಕ್ಟೋನ್, ವಲ್ಸಾರ್ಟಾನ್ ಎರಡೂ ಪೊಟ್ಯಾಸಿಯಂ ಅನ್ನು ಮೈಯಲ್ಲೇ ಉಳಿಸುವಂಥವು. ಇವೆಲ್ಲ ಸೇರಿದರೆ, ಅದರಲ್ಲೂ ಕಿಡ್ನಿ ಸೋತಿದ್ದರೆ, ಹೃದಯದ ಬಡಿತವೇ ತಪ್ಪಬಹುದು. ಮಂಡಿನೋವಿಗೆ ಮೆಡಿಕಲ್‌ನಿಂದ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳೂ ಹಾಗೇ, ನೀರನ್ನು ಹಿಡಿದಿಟ್ಟು ರೋಗ ಏರಿಸುತ್ತವೆ.

ಮನಸ್ಸಿನ ವಿಷಯಕ್ಕೆ ಬಂದರೆ ನಮ್ಮಲ್ಲಿ ಮೌನವೇ ಜಾಸ್ತಿ. ಹಾರ್ಟ್ ಫೇಲ್ಯೂರ್ ಇರುವ ಐದು ಜನರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಇರುತ್ತದೆ ಎಂದು ಹಲವು ಅಧ್ಯಯನಗಳ ಒಟ್ಟು ಲೆಕ್ಕ ಹೇಳುತ್ತದೆ. ಅದನ್ನು ರೋಗದ ಸುಸ್ತಿನಿಂದ ಬೇರೆ ಮಾಡಿ ನೋಡುವುದು ಕಷ್ಟ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ ಎಂಬ ಲಕ್ಷಣಗಳು ಎರಡರಲ್ಲೂ ಒಂದೇ. ಗಂಡ ಹೆಂಡತಿ ಸಂಬಂಧದ ಪ್ರಶ್ನೆಯೂ ಆ 23ರಲ್ಲಿ ಇದೆ. ನಮ್ಮಲ್ಲಿ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಎರಡು ಮಹಡಿಯನ್ನು ಎದೆನೋವು, ಉಬ್ಬಸ ಇಲ್ಲದೆ ಹತ್ತಬಲ್ಲವರಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ ಎಂಬುದು ಡಾಕ್ಟರುಗಳ ಸ್ಥೂಲ ಲೆಕ್ಕ. ಎದೆನೋವಿಗೆಂದು ನೈಟ್ರೇಟ್ ಮಾತ್ರೆ ತಿನ್ನುವವರು ಸಿಲ್ಡೆನಾಫಿಲ್ (ವಯಾಗ್ರ) ಮುಟ್ಟಬಾರದು ಎಂಬುದನ್ನಾದರೂ ಗಟ್ಟಿಯಾಗಿ ಹೇಳಬೇಕು.

ಹೆಂಗಸರ ಲೆಕ್ಕ ಇನ್ನೊಂದು. ಎರಡು ದೊಡ್ಡ ಔಷಧ ಪ್ರಯೋಗಗಳ ಮಾಹಿತಿ ಒಟ್ಟು ಮಾಡಿ 2019ರಲ್ಲಿ ನೋಡಿದಾಗ, ಗಂಡಸರಿಗಿಂತ ಹೆಂಗಸರು ಹೆಚ್ಚು ಬದುಕುತ್ತಾರೆ, ಆದರೆ ಕೆಟ್ಟದಾಗಿ ಬದುಕುತ್ತಾರೆ ಎಂದು ಕಂಡಿತು. ನಮ್ಮ ಮನೆಗಳನ್ನು ನೋಡಿದವರಿಗೆ ಇದು ಆಶ್ಚರ್ಯ ಅನಿಸದು. ಯಜಮಾನರಿಗೆ ರೋಗ ಬಂದರೆ ಹೆಂಡತಿ ನೋಡಿಕೊಳ್ಳುತ್ತಾಳೆ. ಹೆಂಡತಿಗೆ ಬಂದರೆ ಕುಕ್ಕರ್ ಇಟ್ಟು ಒಂದು ಘಳಿಗೆ ಕೂತು, ಸೀಟಿ ಆದ ಮೇಲೆ ಎದ್ದು ಮತ್ತೆ ಒಗ್ಗರಣೆ ಹಾಕುತ್ತಾಳೆ.

ಕೊನೆಯ ಹಂತದ ಮಾತನ್ನಂತೂ ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ. ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ದೇಶದ ಮೊದಲ ಹಾಸ್ಪಿಸ್, ಶಾಂತಿ ಅವೇದನಾ ಸದನ, 1986ರಲ್ಲಿ ಶುರುವಾಗಿದ್ದು ಬಾಂದ್ರಾದಲ್ಲೇ. ಆದರೆ ಅದು ಕ್ಯಾನ್ಸರ್ ರೋಗಿಗಳಿಗೆ. ಉಬ್ಬಸ, ನೋವು, ಭಯ ಇಳಿಸಿ ನೆಮ್ಮದಿ ಕೊಡುವ ಪ್ಯಾಲಿಯೇಟಿವ್ ಆರೈಕೆ ಹೃದಯ ಸೋತವರಿಗೂ ಬೇಕು. 2017ರ ಒಂದು ಅಮೆರಿಕನ್ ಪ್ರಯೋಗದಲ್ಲಿ ಕೊನೆಯ ಹಂತದ 150 ಜನರ ಪೈಕಿ ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆಯ ಜೊತೆಗೇ ಇದನ್ನೂ ಕೊಟ್ಟರು. ಅವರ ಜೀವನದ ಗುಣಮಟ್ಟ ಸ್ಪಷ್ಟವಾಗಿ ಸುಧಾರಿಸಿತು. ನಮ್ಮಲ್ಲಿ ಆ ಮಾತು ಬರುವ ಹೊತ್ತಿಗೆ ರೋಗಿ ಐಸಿಯುನಲ್ಲಿ, ಮಕ್ಕಳು ಬಿಲ್ಲಿನ ಕೌಂಟರಿನಲ್ಲಿ.

ನಮ್ಮ ಸಂಘ ಸಂಸ್ಥೆಗಳು ಮಾಡಬಹುದಾದ ಒಂದು ಕೆಲಸ ನನಗೆ ಕಾಣುತ್ತದೆ. ವರ್ಷಕ್ಕೊಮ್ಮೆ ಹೃದಯ ತಪಾಸಣೆ ಶಿಬಿರ ಮಾಡುತ್ತಾರೆ, ಇಸಿಜಿ ತೆಗೆದು, ಶುಗರ್ ನೋಡಿ ಕಳಿಸುತ್ತಾರೆ. ಅದು ಹೊಸ ರೋಗಿಗಳನ್ನು ಹುಡುಕಲು ಸರಿ. ಈಗಾಗಲೇ ರೋಗ ಇರುವವರಿಗೆ ಅಲ್ಲಿ ಏನೂ ಇಲ್ಲ. ಅವರಿಗೆ ಬೇಕಾದದ್ದು ಹದವಾದ ವ್ಯಾಯಾಮ. 2,331 ಜನರ ಎಚ್‌ಎಫ್-ಆಕ್ಷನ್ ಪ್ರಯೋಗ 2009ರಲ್ಲೇ ತೋರಿಸಿದ ಹಾಗೆ, ಅದು ಸುರಕ್ಷಿತ, ಲಾಭ ಸಣ್ಣದಾದರೂ ಬೇಗ ಬರುತ್ತದೆ, ಉಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ನಡೆಯಲು ಈ ಊರಿನಲ್ಲಿ ಜಾಗ ಎಲ್ಲಿದೆ? ಸಂಘದ ಹಾಲ್ ವಾರದ ದಿನ ಬೆಳಿಗ್ಗೆ ಹೆಚ್ಚಾಗಿ ಖಾಲಿಯೇ. ಡಾಕ್ಟರ ಒಪ್ಪಿಗೆ ಇರುವವರು ಅಲ್ಲಿ ಅರ್ಧ ಗಂಟೆ ನಡೆಯಲಿ, ಪಕ್ಕದವರೊಡನೆ ಮಾತಾಡಲು ಆಗುವಷ್ಟೇ ವೇಗದಲ್ಲಿ. ಒಂದು ತೂಕದ ಯಂತ್ರ ಇರಲಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ನೀರು ನಿಲ್ಲುತ್ತಿದೆ ಎಂದರ್ಥ, ಕಾಲು ಊದುವ ಮೊದಲೇ ಡಾಕ್ಟರಿಗೆ ಫೋನ್ ಮಾಡಬಹುದು. ಕನ್ನಡವೋ ತುಳುವೋ ಬಲ್ಲ ಒಬ್ಬ ನರ್ಸ್ ಕೂತು ಬಿಪಿ ನೋಡಿ, ‘ಮೊನ್ನೆ ಮಾತ್ರೆ ಯಾಕೆ ಬಿಟ್ಟಿರಿ, ಅಣ್ಣಾ?’ ಎಂದು ಕೇಳಲಿ. ವಾರ್ಷಿಕೋತ್ಸವದ ಶಾಲು, ಹಾರ, ಬ್ಯಾನರಿನ ಖರ್ಚಿನಲ್ಲಿ ಇಷ್ಟನ್ನು ಒಂದು ಮಳೆಗಾಲ ನಡೆಸಿ ನೋಡಬಹುದು.